ದೂರದ ಊರಿನ ದುರಸ್ತಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟ ಆ ಗಾದೆಯಲ್ಲಿ ಸೇರಲಿಲ್ಲ. ಊರನ್ನು ಕಟ್ಟಿದವರಿಗೆ ಕೀರ್ತಿ ದೊರೆಯುತ್ತದೆ. ಸೋರುವ ಮಾಡನ್ನು ಸರಿಪಡಿಸಿದವರ, ಕೊಚ್ಚಿಹೋದ ದಾರಿಗೆ ಮಣ್ಣು ತುಂಬಿದವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಆದರೂ ಊರು ಬಾಳುವುದು ಇಂಥವರಿಂದಲೇ. ಟ್ರಿಸ್ಟನ್ ಡ ಕುನ್ಹಾ ಎಂಬ ದ್ವೀಪ ಇದಕ್ಕೆ ಒಳ್ಳೆಯ ನಿದರ್ಶನ.

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಈ ಜ್ವಾಲಾಮುಖಿ ದ್ವೀಪ ಬ್ರಿಟನ್ನಿನ ಆಡಳಿತಕ್ಕೆ ಸೇರಿದೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರ ಇಲ್ಲಿಂದ ಸುಮಾರು 2,800 ಕಿಲೋಮೀಟರು ದೂರ. ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲ. ಹಡಗಿನ ಪ್ರಯಾಣಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಇರುವುದು ಒಂದೇ ಊರು. ಅಲ್ಲಿನ ಜನಸಂಖ್ಯೆ 300ಕ್ಕಿಂತಲೂ ಕಡಿಮೆ. ಒಂದು ಮೂಟೆ ಸಿಮೆಂಟು ಬೇಕಾದರೂ ಹಡಗಿನ ಹಾದಿ ಕಾಯಬೇಕು. ಬಂದ ಹಡಗು ದಡದಿಂದ ದೂರದಲ್ಲೇ ನಿಲ್ಲುತ್ತದೆ. ಕಡಲು ಒರಟಾಗಿದ್ದರೆ ಸರಕನ್ನು ಇಳಿಸುವುದೂ ಸಾಧ್ಯವಾಗದು.

1961ರಲ್ಲಿ ಊರಿನ ಪಕ್ಕದಲ್ಲಿಯೇ ಜ್ವಾಲಾಮುಖಿ ಸಿಡಿಯಿತು. ಜನರೆಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಲಾಯಿತು. ಅಲ್ಲಿ ಅವರಿಗೆ ವಸತಿಯೂ ಉದ್ಯೋಗವೂ ದೊರೆತವು. ಆದರೆ 1962ರಲ್ಲಿ ಮತ ಕೇಳಿದಾಗ 148 ಮಂದಿ ಮರಳುವುದಾಗಿ ಹೇಳಿದರು. ಬೇಡವೆಂದವರು 5 ಮಂದಿ ಮಾತ್ರ. 1963ರಲ್ಲಿ ಬಹುಪಾಲು ಜನ ಹಿಂದಿರುಗಿದರು. ಮೀನು ಸಂಸ್ಕರಣೆಯ ಕಾರ್ಖಾನೆಯನ್ನೂ ದೋಣಿಗಳು ತಂಗುತ್ತಿದ್ದ ದಡವನ್ನೂ ಲಾವಾರಸ ಮುಚ್ಚಿಹಾಕಿತ್ತು. ಹೊಸ ಕಾರ್ಖಾನೆ ಎದ್ದಿತು. 1967ರಲ್ಲಿ ಪುಟ್ಟ ಬಂದರೊಂದು ಸಿದ್ಧವಾಯಿತು. 2001ರ ಮೇ ತಿಂಗಳ ಬಿರುಗಾಳಿ ಮನೆಗಳ ಮಾಡುಗಳನ್ನು ಕಿತ್ತೆಸೆಯಿತು. 2008ರ ಬೆಂಕಿ ಕಾರ್ಖಾನೆಯನ್ನೂ ಊರಿಗೆ ವಿದ್ಯುತ್ತು ನೀಡುತ್ತಿದ್ದ ಯಂತ್ರಗಳನ್ನೂ ಸುಟ್ಟಿತು. ಪ್ರತಿ ಸಲವೂ ಹಾಳಾದುದನ್ನು ಜನ ಮತ್ತೆ ಎತ್ತಿ ನಿಲ್ಲಿಸಿದರು.

ಬೆರಳೆಣಿಕೆಯ ಕುಟುಂಬಗಳಿಗಾಗಿ ಇಷ್ಟೊಂದು ವೆಚ್ಚವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಲೆಕ್ಕದ ಪುಸ್ತಕವೊಂದನ್ನೇ ನೋಡುವವರಿಗೆ ಇದು ನಷ್ಟದ ಬಾಬ್ತಾಗಿ ಕಾಣಬಹುದು. ಆದರೆ ರಾಜಧಾನಿಯಿಂದ ದೂರ ಸರಿದಂತೆಲ್ಲ ಪ್ರಜೆಯ ಹಕ್ಕು ಕರಗುತ್ತ ಹೋಗುವುದಿಲ್ಲ. ಜ್ವರ ಬಂದ ಮಗುವಿಗೆ ಔಷಧ ಎಲ್ಲಿದ್ದರೂ ಬೇಕು.

ಹಕ್ಕನ್ನು ಕೇಳುವ ಈ ಜನ ಕರ್ತವ್ಯವನ್ನು ಮರೆತವರಲ್ಲ ಎಂಬುದು ಗಮನಾರ್ಹ. 1817ರಲ್ಲಿ ಇಲ್ಲಿ ನೆಲೆನಿಂತ ವಿಲಿಯಂ ಗ್ಲಾಸ್ ಮತ್ತು ಸಂಗಡಿಗರು, ತಮ್ಮಲ್ಲಿ ಯಾರೂ ಮೇಲಲ್ಲ, ದುಡಿದದ್ದರಲ್ಲಿ ಎಲ್ಲರಿಗೂ ಸಮಪಾಲು ಎಂದು ಒಪ್ಪಂದ ಬರೆದುಕೊಂಡಿದ್ದರು. ಹುಲ್ಲು ಮಾಡಿನ ಕಾಲದಲ್ಲಿ ಒಂದು ಮನೆಗೆ ಹೊದಿಕೆ ಹಾಸಬೇಕಾದರೆ ನೆರೆಹೊರೆಯವರು ಕೂಡಿ ದುಡಿಯುತ್ತಿದ್ದರು. ಮನೆಯವರು ಅವರಿಗೆ ಊಟವಿಕ್ಕುತ್ತಿದ್ದರು. ಕೂಲಿಯ ಮಾತಿರಲಿಲ್ಲ. ಇದು ಮುಯ್ಯಾಳಿನ ನೀತಿ.

ಹಾಗೆಂದು ಎಲ್ಲವನ್ನೂ ಅವರ ತೋಳ್ಬಲಕ್ಕೇ ಬಿಟ್ಟು ಸರ್ಕಾರ ಕೈತೊಳೆದುಕೊಳ್ಳಲಾಗದು. ಬಿದ್ದ ಗೋಡೆಯನ್ನು ನೆರೆಯವರು ಎತ್ತಿಯಾರು; ಅಲೆಗಳ ಹೊಡೆತಕ್ಕೆ ಸವೆದ ಬಂದರನ್ನು ಬರಿಗೈಯಲ್ಲಿ ಎತ್ತಲಾರರು. 2008ರಲ್ಲಿ ಬಂದರಿನ ದುರಸ್ತಿಗೆ ಬ್ರಿಟನ್ನಿನ ಸೈನ್ಯದ ಎಂಜಿನಿಯರುಗಳು ಬಂದರು. 2017ರಲ್ಲಿ ಹೊಸ ಆಸ್ಪತ್ರೆ ತೆರೆಯಿತು. ಇವು ಔದಾರ್ಯದ ದಾನಗಳಲ್ಲ. ಆಳುವವರು ಸಲ್ಲಿಸಬೇಕಾದ ಋಣ.

ಊರಿನವರ ದುಡಿಮೆ ಒಂದು ಕೈ, ಸರ್ಕಾರದ ನೆರವು ಇನ್ನೊಂದು ಕೈ. ಎರಡೂ ಕೂಡಿದಲ್ಲಿ ಸಾಗರದ ನಡುವಿನ ಊರೂ ಉಳಿಯುತ್ತದೆ. ಒಂದು ಹಿಂದೆಗೆದರೆ ರಾಜಮಾರ್ಗದ ಬದಿಯ ಊರೂ ಹಾಳು ಬೀಳುತ್ತದೆ.