ಮಾಳಿಗೆ ಮೇಲಿಂದ ನೀಹಾರಿಕೆಯ ಫೋಟೊ



ಹಿಂಗಾರು ಜೋಳ ತೆನೆಗಟ್ಟುವ ಈ ದಿನಗಳಲ್ಲಿ ನಮ್ಮ ಕಡೆ ಆಕಾಶ ತಿಳಿಯಾಗಿರುತ್ತದೆ. ಜನವರಿ ಕೊನೆಯ ವಾರ, ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಾಳಿಗೆ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ನೆತ್ತಿಗಿಂತ ತುಸು ಕೆಳಗೆ ಮೂರು ಚುಕ್ಕಿಗಳು ಒಂದೇ ಸಾಲಿನಲ್ಲಿವೆ. ಅದು ಮಹಾವ್ಯಾಧನ ನಡುಪಟ್ಟಿ. ಪಟ್ಟಿಯಿಂದ ಕತ್ತಿಯ ಹಾಗೆ ಇಳಿಬಿದ್ದ ಸಣ್ಣ ಚುಕ್ಕಿಗಳ ನಡುವೆ, ಉಸಿರು ತಾಗಿದ ಕನ್ನಡಿಯಂಥ ಒಂದು ಮಬ್ಬು ಕಾಣುತ್ತದೆ. ಅದೇ ಮಹಾವ್ಯಾಧ ನೀಹಾರಿಕೆ.

ಹಿರಿಯರಿಗೆ ಈ ನೆರೆಹೊರೆ ಮಳೆಯ ಹೆಸರಿನಲ್ಲಿ ಗೊತ್ತು. ಮಹಾವ್ಯಾಧನ ತಲೆಯ ಕಡೆ ಇರುವುದು ಮೃಗಶಿರ, ಹೆಗಲಲ್ಲಿ ಕೆಂಪಗೆ ಹೊಳೆಯುವುದು ಆರಿದ್ರಾ. ಜೂನ್ ತಿಂಗಳಲ್ಲಿ ಸೂರ್ಯ ಈ ಚುಕ್ಕಿಗಳ ಬಳಿ ಬಂದಾಗ ಬೀಳುವ ಮಳೆಗೆ ಅವುಗಳದೇ ಹೆಸರು. ಆಗ ಅವು ಹಗಲೆಲ್ಲ ಸೂರ್ಯನ ಜೊತೆಗೇ ಇರುವುದರಿಂದ ರಾತ್ರಿ ಕಾಣುವುದಿಲ್ಲ. ಹರಪನಹಳ್ಳಿ ಕಡೆಯ ಅಜ್ಜರೊಬ್ಬರು, "ಎಪ್ಪತ್ತು ಆರಿದ್ರ ಮಳೆ ಕಂಡೀನಿ ತಮ್ಮಾ, ಆರಿದ್ರ ಚುಕ್ಕಿ ಮಾತ್ರ ಇವತ್ತೇ ಕಂಡೆ" ಎಂದು ನಕ್ಕಿದ್ದರು.

ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಮಾಳಿಗೆಯಿಂದ ನಾನು ತೆಗೆದ ಈ ನೀಹಾರಿಕೆಯ ಫೋಟೊವನ್ನು ಸುತ್ತಲಿನ ಶಾಲೆಗಳಲ್ಲಿ ತೋರಿಸುತ್ತಿರುತ್ತೇನೆ. ಕಣ್ಣಿಗೆ ಬೂದಿ ಬಣ್ಣದ ಮಬ್ಬು, ಫೋಟೊದಲ್ಲಿ ಗುಲಾಬಿ ಹೂವು. ಹಡಗಲಿಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಬಣ್ಣ ನೀವೇ ಹಚ್ಚೀರೇನು?"

ಮೊಬೈಲು ಇಲ್ಲದ್ದನ್ನೂ ಇದ್ದಂತೆ ಚಿತ್ರ ಮಾಡಿಕೊಡುವ ಈ ಕಾಲದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನೀಹಾರಿಕೆ ಎಂದರೆ ಅನಿಲ ಮತ್ತು ದೂಳಿನ ದೊಡ್ಡ ಮೋಡ. ಈ ಮೋಡದಲ್ಲಿ ಹೆಚ್ಚಿನದು ಜಲಜನಕ. ಅದರ ಒಡಲಲ್ಲೇ ಹುಟ್ಟಿದ ಬಿಸಿ ನಕ್ಷತ್ರಗಳ ನೇರಳಾತೀತ ಕಿರಣ ತಾಗಿದಾಗ ಜಲಜನಕದ ಪರಮಾಣುವಿನಿಂದ ಎಲೆಕ್ಟ್ರಾನು ಕಿತ್ತುಹೋಗುತ್ತದೆ. ಅದು ಮತ್ತೆ ಬಂದು ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವಾಗ ಬೆಳಕು ಹೊಮ್ಮುತ್ತದೆ. ಆ ಬೆಳಕಿನಲ್ಲಿ ಎದ್ದು ಕಾಣುವುದು 656 ನ್ಯಾನೊಮೀಟರ್ ಅಲೆಯುದ್ದದ ಕೆಂಪು. ಅಂದರೆ ಕೆಂಪು ಅಲ್ಲಿಯೇ ಇದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಅಷ್ಟೆ. ಬೆಳದಿಂಗಳಲ್ಲಿ ಅಜ್ಜಿಯ ಕೆಂಪು ಸೀರೆ ನೋಡಿ, ಕಪ್ಪಾಗಿ ಕಾಣುತ್ತದೆ. ಸೀರೆಯ ಬಣ್ಣವೇನೂ ಹೋಗಿರುವುದಿಲ್ಲ.

ಕಣ್ಣು ಬೆಳಕನ್ನು ಕೂಡಿಡುವುದಿಲ್ಲ, ಕ್ಯಾಮೆರಾ ಕೂಡಿಡುತ್ತದೆ. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯ ಫೋಟೊ ತೆಗೆದರು. ನೀಹಾರಿಕೆಯೊಂದರ ಮೊದಲ ಫೋಟೊ ಅದು. ದೂರದರ್ಶಕವನ್ನು ಆಕಾಶದ ಜೊತೆಜೊತೆಗೆ ತಿರುಗಿಸುತ್ತಾ 51 ನಿಮಿಷ ಬೆಳಕು ಹಿಡಿದಿದ್ದರು.

ಹಾಗೆ ತಿರುಗಿಸುವ ಯಂತ್ರ ನನ್ನಲ್ಲಿಲ್ಲ. ಮೂರು ಕಾಲಿನ ಸ್ಟ್ಯಾಂಡ್, 50 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾ, ಇಷ್ಟೇ. ಭೂಮಿ ತಿರುಗುವುದರಿಂದ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕಿಗಳು ಗೆರೆಯಾಗುತ್ತವೆ. ಅದಕ್ಕೆ ನಾಲ್ಕು ನಾಲ್ಕು ಸೆಕೆಂಡಿನ 225 ಫೋಟೊ ತೆಗೆದೆ. ಒಟ್ಟು 15 ನಿಮಿಷದ ಬೆಳಕು. ಕೊನೆಗೆ ಲೆನ್ಸಿಗೆ ಮುಚ್ಚಳ ಹಾಕಿ ಇನ್ನಷ್ಟು ಫೋಟೊ ತೆಗೆದೆ. ಅವುಗಳಲ್ಲಿ ಆಕಾಶ ಇಲ್ಲ, ಕ್ಯಾಮೆರಾದ್ದೇ ಕಲೆ-ಚುಕ್ಕೆ ಮಾತ್ರ. ಅದನ್ನು ಲೆಕ್ಕದಿಂದ ಕಳೆಯಬೇಕು.

ಆಮೇಲೆ ಕಂಪ್ಯೂಟರಿನ ಕೆಲಸ. ಸಿರಿಲ್ ಎಂಬ ಉಚಿತ ತಂತ್ರಾಂಶ ಚುಕ್ಕಿಗೆ ಚುಕ್ಕಿ ಹೊಂದಿಸಿ 225 ಫೋಟೊಗಳ ಸರಾಸರಿ ತೆಗೆಯುತ್ತದೆ. ಕೊಟ್ಟೂರು ತೇರಿನ ಗದ್ದಲ ನೆನಪಿಸಿಕೊಳ್ಳಿ. ಸಾವಿರ ಜನ ಸಾವಿರ ಮಾತಾಡುತ್ತಿರುತ್ತಾರೆ, ಯಾವುದೂ ತಿಳಿಯದು. ಆದರೆ ಒಬ್ಬ ಅಂಗಡಿಯವ "ಮಿರ್ಚಿ ಮಂಡಕ್ಕಿ, ಮಿರ್ಚಿ ಮಂಡಕ್ಕಿ" ಎಂದು ಒಂದೇ ಸಮನೆ ಕೂಗುತ್ತಿದ್ದರೆ, ನಿಂತು ಕೇಳಿದವರಿಗೆ ಅದು ತಿಳಿಯುತ್ತದೆ. ನೀಹಾರಿಕೆಯೂ ಹಾಗೇ, ಪ್ರತಿ ಫೋಟೊದಲ್ಲೂ ಅದದೇ ಜಾಗದಲ್ಲಿ ಅದದೇ ಮಾತಾಡುತ್ತದೆ. ಗದ್ದಲ ಮಾತ್ರ ಪ್ರತಿ ಸಲ ಬೇರೆ. 225ರ ವರ್ಗಮೂಲ 15, ಆದ್ದರಿಂದ ಚಿತ್ರ ಸುಮಾರು 15 ಪಟ್ಟು ಸ್ಪಷ್ಟ.

ಇಷ್ಟಾದರೂ ಚಿತ್ರ ಕಪ್ಪಗೇ ಇರುತ್ತದೆ. ಮಂದ ಭಾಗಗಳನ್ನು ಮೇಲೆತ್ತಬೇಕು, ನಡುವಿನ ಹೊಳಪು ಬೆಳ್ಳಗೆ ಸುಟ್ಟುಹೋಗದಂತೆ ನೋಡಿಕೊಳ್ಳಬೇಕು. ಇಲ್ಲಿ ನಾನು ಹಾಕಿಕೊಂಡ ನೇಮ ಒಂದೇ: ಯಾವ ಬದಲಾವಣೆ ಮಾಡಿದರೂ ಇಡೀ ಚಿತ್ರಕ್ಕೆ ಒಂದೇ ಲೆಕ್ಕ. ಒಂದು ಮೂಲೆಗೆ ಕುಂಚ ತಗೊಂಡು ಕೆಂಪು ಬಳಿದರೆ ಅದು ಫೋಟೊ ಅಲ್ಲ. ಬಂದ ಬೆಳಕನ್ನು ಎತ್ತಿ ತೋರಿಸಬಹುದು, ಬಾರದ ಬೆಳಕನ್ನು ತರಬಾರದು.

ಹಾಗಾದರೆ ವಿಜ್ಞಾನಿಗಳು ಬಣ್ಣ ಕೊಡುವುದೇ ಇಲ್ಲವೇ? ಕೊಡುತ್ತಾರೆ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಗರುಡ ನೀಹಾರಿಕೆಯ ಪ್ರಸಿದ್ಧ ಚಿತ್ರದಲ್ಲಿ ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ, ಗಂಧಕಕ್ಕೆ ಕೆಂಪು ಬಣ್ಣ ಕೊಟ್ಟಿದ್ದಾರೆ. ಯಾವ ಅನಿಲ ಎಲ್ಲಿದೆ ಎಂದು ತಿಳಿಯಲಿ ಎಂದು ಹಾಗೆ ಮಾಡಿದರು, ಮಾಡಿದ್ದನ್ನು ಬಹಿರಂಗವಾಗಿ ಹೇಳಿದರು. ನಮ್ಮ ರಾಜ್ಯದಲ್ಲೂ ಇಂಥ ಕೆಲಸ ನಡೆಯುತ್ತದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ.

ಮಹಾವ್ಯಾಧ ನೀಹಾರಿಕೆ ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿದೆ. ನಾವು ಇಂದು ನೋಡುವ ಬೆಳಕು ಹೊರಟಾಗ ಕನ್ನಡ ನಾಡನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು. ಅಷ್ಟು ದೂರ ಬಂದ ಬೆಳಕು ಕೊನೆಯ ಗಳಿಗೆಯಲ್ಲಿ ನಮ್ಮ ದೀಪಗಳಲ್ಲಿ ಕಳೆದುಹೋಗುತ್ತದೆ. ಹಗರಿಬೊಮ್ಮನಹಳ್ಳಿಯ ಪೇಟೆಯೊಳಗೆ ನಿಂತರೆ ಆ ಮಬ್ಬು ಕಾಣುವುದು ಕಷ್ಟ. ಊರ ಹೊರಗಿನ ಹಳ್ಳಿಗಳಲ್ಲಿ ಇನ್ನೂ ಕಾಣುತ್ತದೆ. ಅಂಗಳದ ದೀಪದ ಮುಖವನ್ನು ನೆಲದ ಕಡೆ ತಿರುಗಿಸಿದರೆ ದಾರಿಗೂ ಬೆಳಕು, ಆಕಾಶಕ್ಕೂ ಕತ್ತಲು.

ಈ ವಾರದ ಕೆಲಸ: ಅಜ್ಜ-ಅಜ್ಜಿಯರ ಕೈ ಹಿಡಿದು ಮಾಳಿಗೆ ಹತ್ತಿ. ಕರಡಿ ಓಡಾಡುವ ಕಡೆ ರಾತ್ರಿ ಹೊಲಕ್ಕೆ ಹೋಗಬೇಡಿ. ಮೊಬೈಲು ಆರಿಸಿ, ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬಿಡಿ. ನೀವು ಅವರಿಗೆ ಆರಿದ್ರಾ ಚುಕ್ಕಿ ತೋರಿಸಿ, ಅವರು ನಿಮಗೆ ಆರಿದ್ರ ಮಳೆಯ ಗಾದೆ ಹೇಳಲಿ. ಕಂಡ ಮಬ್ಬನ್ನು ಕಂಡ ಹಾಗೆಯೇ ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ಗಾದೆ ಬರೆದು ಕಳಿಸಿ. ಬೂದಿ ಬಣ್ಣವೇ ಇರಲಿ.