ಔಷಧಿ ಎಂಬ ಸುಳ್ಳು

ಏಳನೆಯ ತರಗತಿಯ ಮಕ್ಕಳಿಗೆ ಒಂದು ದಿನ ಹತ್ತು ಪದಗಳನ್ನು ಕೊಟ್ಟು, ಸ್ವಂತ ವಾಕ್ಯದಲ್ಲಿ ಬಳಸಿ ಎಂದಿದ್ದೆ. ‘ಔಷಧಿ’ ಎಂಬುದು ಅವುಗಳಲ್ಲಿ ಒಂದು. ಸಂಜೆ ಮನೆಗೆ ಬಂದು ಪುಸ್ತಕ ತಿದ್ದುತ್ತ ಕುಳಿತಾಗ ಒಬ್ಬ ಹುಡುಗಿಯ ವಾಕ್ಯದ ಮೇಲೆ ನನ್ನ ಕೆಂಪು ಪೆನ್ನು ನಿಂತುಬಿಟ್ಟಿತು: ‘ಔಷಧಿ ಕುಡಿದರೆ ಸತ್ತು ಹೋಗುತ್ತಾರೆ.’

ಕಾಗುಣಿತದಲ್ಲಿ ತಪ್ಪಿಲ್ಲ, ವ್ಯಾಕರಣದಲ್ಲಿ ತಪ್ಪಿಲ್ಲ. ಅರ್ಥದಲ್ಲಾದರೂ ತಪ್ಪಿದೆಯೇ? ನಮ್ಮ ತಾಯಲೂರಿನ ಕಡೆ ಅದೂ ಇಲ್ಲ. ಇಲ್ಲಿ ಜ್ವರ ಬಂದರೆ ಕೊಡುವುದು ಮಾತ್ರೆ, ಹಾಕಿಸುವುದು ಇಂಜೆಕ್ಷನ್ನು. ಔಷಧಿ ಎಂದರೆ ಟೊಮೇಟೊ ಗಿಡಕ್ಕೆ ಹೊಡೆಯುವುದು. ‘ಇವತ್ತು ಔಷಧಿ ಹೊಡೀಬೇಕು’ ಎನ್ನುತ್ತೇವೆ; ಜೀವನ ಸಾಕಾಗಿ ಪ್ರಾಣ ಕಳೆದುಕೊಂಡವರನ್ನೂ ‘ಔಷಧಿ ಕುಡಿದರಂತೆ’ ಎನ್ನುತ್ತೇವೆ. ಎರಡಕ್ಕೂ ಒಂದೇ ಪದ, ಒಂದೇ ಬಾಟಲಿ. ಆದರೂ ಆ ಬಾಟಲಿಯೊಳಗಿರುವುದು ವಿಷ ಎಂದು ನಮ್ಮ ಬಾಯಿಂದ ಬರುವುದಿಲ್ಲ.

ಆ ವಾಕ್ಯ ಬರೆದ ಹುಡುಗಿಯ ತಂದೆಯೇ ನಮ್ಮ ತೋಟಕ್ಕೆ ಔಷಧಿ ಹೊಡೆಯಲು ಬರುತ್ತಿದ್ದವನು. ಹಿಂದಿನ ವರ್ಷ ನಡೆದದ್ದನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ತಪ್ಪು ನನ್ನದು.

ಎರಡು ಎಕರೆ ಟೊಮೇಟೊ. ಗಿಡಕ್ಕೆ ಅಂಗಮಾರಿ ತಗುಲಿತ್ತು, ಜೊತೆಗೆ ಹುಳುವಿನ ಕಾಟ. ಅಂಗಡಿಯವನು ಹೇಳಿದ ಮೂರು ಬಾಟಲಿಗಳನ್ನು ನಮ್ಮ ಯಜಮಾನರು ತಂದಿದ್ದರು. ಮೂರನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲಕುತ್ತಿದ್ದವಳು ಆತನ ಹೆಂಡತಿ. ಮೊಳಕೈವರೆಗೆ ಅವಳ ಕೈ ಒದ್ದೆ. ಆತ ಬರಿಗಾಲಿನಲ್ಲಿ, ಲುಂಗಿ ಮೇಲೆ ಕಟ್ಟಿ, ಮೂಗಿಗೆ ಟವಲು ಸುತ್ತಿಕೊಂಡು ಹೊಡೆಯುತ್ತಿದ್ದ. ಮಗಳು ಹಿಂದೆ ಪೈಪು ಎಳೆಯುತ್ತಿದ್ದಳು. ಅಂದು ಭಾನುವಾರ. ನಾನು ಚಿತ್ರಾನ್ನ ಕಲಸಿ ತೋಟಕ್ಕೆ ತೆಗೆದುಕೊಂಡು ಹೋಗಿದ್ದೆ. ‘ಕೈ ತೊಳ್ಕೊಳ್ಳಪ್ಪಾ’ ಎಂದೆ. ‘ಏನೂ ಆಗಲ್ಲ ಬಿಡಮ್ಮಾ, ನಮಗೆ ಅಭ್ಯಾಸ’ ಎಂದು ಟವಲಿಗೆ ಕೈ ಒರೆಸಿಕೊಂಡು ಕುಳಿತ. ನಾನೂ ಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಆತನಿಗೆ ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ವಾಂತಿ. ಕಣ್ಣು ಮಂಜಾಗಿದೆ ಎಂದ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: ‘ಯಾವುದು ಹೊಡೆದಿದ್ದು? ಬಾಟಲಿ ತಂದಿದ್ದೀರಾ?’ ಬಾಟಲಿಗಳು ಬೇಲಿಯಲ್ಲಿ ಬಿದ್ದಿದ್ದವು. ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ದಿನದ ಮೇಲೆ ಆತ ಉಳಿದು ಮನೆಗೆ ಬಂದ. ಬಿ.ಎ., ಬಿ.ಎಡ್. ಮಾಡಿದ ನಾನು ಅಷ್ಟು ವರ್ಷಗಳಲ್ಲಿ ಒಂದು ಸಲವೂ ಆ ಬಾಟಲಿಯ ಮೇಲಿನ ಚೀಟಿ ಓದಿರಲಿಲ್ಲ.

ಆಮೇಲೆ ಓದಿದೆ. ಪ್ರತಿ ಬಾಟಲಿಯ ಮೇಲೂ ಒಂದು ಬಣ್ಣದ ಗುರುತು ಇರುತ್ತದೆ. ಕೆಂಪು ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಸೌಮ್ಯ. 1968ರಲ್ಲೇ ಕೀಟನಾಶಕ ಕಾಯಿದೆ ಬಂದಿದೆ, 1971ರಲ್ಲಿ ನಿಯಮಗಳು ಬಂದಿವೆ. ವಿಷ ಮುಟ್ಟುವವರಿಗೆ ಮೈ ಮುಚ್ಚುವ ಉಡುಪು, ರಬ್ಬರಿನ ಕೈಗವಸು, ಕನ್ನಡಕ, ಬೂಟು ಇರಬೇಕು. ಸೂಚನೆಯ ಕಾಗದ ಪ್ರಾದೇಶಿಕ ಭಾಷೆಯಲ್ಲೂ ಇರಬೇಕು. ಖಾಲಿ ಡಬ್ಬಿಗಳನ್ನು ಒಡೆದು ಊರಿನಿಂದ ದೂರ ಹೂಳಬೇಕು. ಇಷ್ಟೆಲ್ಲ ಬರೆದಿಟ್ಟು ಅರ್ಧ ಶತಮಾನ ಕಳೆದಿದೆ. ನಮ್ಮ ಬೇಲಿಗಳನ್ನು ನೋಡಿದರೆ ಯಾವ ನಿಯಮ ಎಲ್ಲಿ ಬಿದ್ದಿದೆ ಎಂದು ತಿಳಿಯುತ್ತದೆ.

‘ಕೂಲಿಯವರಿಗೆ ತಿಳಿವಳಿಕೆ ಇಲ್ಲ, ಕೊಟ್ಟರೂ ಹಾಕಿಕೊಳ್ಳುವುದಿಲ್ಲ’ ಎಂದು ತೋಟದವರು ಹೇಳುತ್ತಾರೆ. ಈ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಯಾರು ಕೊಟ್ಟಿದ್ದಾರೆ, ಯಾವಾಗ ಕೊಟ್ಟಿದ್ದಾರೆ? 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೇಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಜನ ರಾತ್ರಿಯೆಲ್ಲ ತೋಟಕ್ಕೆ ಕಾವಲು ಕುಳಿತರು. ಹಣ್ಣಿಗೆ ಕಾವಲು ಕೊಡಲು ತಿಳಿದ ನಮಗೆ, ಹಣ್ಣು ಉಳಿಸಿಕೊಟ್ಟವನ ಕೈಗೆ ಒಂದು ಜೊತೆ ಗವಸು ಕೊಡಲು ತಿಳಿಯಲಿಲ್ಲವೇ?

ಇಲ್ಲಿಂದ ದೂರವಿಲ್ಲದ ಕೋಲಾರ ಚಿನ್ನದ ಗಣಿಯನ್ನು ನೆನೆಯಿರಿ. ಕಲ್ಲು ಕೊರೆಯುವ ಧೂಳು ಶ್ವಾಸಕೋಶಕ್ಕೆ ಇಳಿದು ಅದನ್ನೇ ಗಟ್ಟಿಯಾಗಿಸುವ ಸಿಲಿಕೋಸಿಸ್ ಕಾಯಿಲೆ ಅಲ್ಲಿತ್ತು. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡಿತು. 2001ರಲ್ಲಿ ಗಣಿ ಮುಚ್ಚಿತು. ಆದರೆ ಧೂಳು ಕುಡಿದವರ ಕೆಮ್ಮು ಗಣಿಯ ಜೊತೆ ಮುಚ್ಚಿಹೋಗಲಿಲ್ಲ. ಆ ಧೂಳಿಗೆ ಪರಿಹಾರ ಮೂಗಿಗೆ ಕಟ್ಟುವ ಬಟ್ಟೆಯಲ್ಲ. ನೀರು ಹಾಯಿಸುತ್ತ ಕೊರೆಯಬೇಕು, ಸುರಂಗದಲ್ಲಿ ಗಾಳಿ ಆಡಿಸಬೇಕು. ಇವೆರಡೂ ಕೂಲಿಯವನ ಕೈಯಲ್ಲಿರುವ ಕೆಲಸಗಳಲ್ಲ, ಕೆಲಸ ಕೊಟ್ಟವನು ಮಾಡಬೇಕಾದವು.

ತೋಟದಲ್ಲೂ ಹಾಗೆಯೇ. ಮೊದಲು ಕೇಳಬೇಕಾದದ್ದು, ಈ ವಿಷ ಬೇಕೇ ಬೇಕೇ ಎಂದು. ಹಳದಿ ಅಂಟು ಹಾಳೆ, ಮೋಹಕ ಬಲೆ, ಬೇವಿನ ಬೀಜದ ಕಷಾಯದಿಂದ ಹುಳುವಿನ ಕಾಟ ಎಷ್ಟೋ ತಗ್ಗುತ್ತದೆ. ಬೇಕೇ ಬೇಕೆಂದರೆ ಕೆಂಪು ಗುರುತಿನದು ಬಿಟ್ಟು ಸೌಮ್ಯವಾದದ್ದು ಸಿಗುತ್ತದೆಯೇ ಕೇಳಬೇಕು. ಬಿಸಿಲೇರುವ ಮುಂಚೆ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು. ಉಡುಪಿನ ಮಾತು ಕೊನೆಯದು, ಆದರೆ ಬಿಡುವಂಥದ್ದಲ್ಲ. ಮೂಗಿಗೆ ಟವಲು ಕಟ್ಟಿದರೆ ಸಾಕೆಂಬುದೂ ತಪ್ಪು: ಟವಲು ವಿಷದ ಆವಿಯನ್ನು ತಡೆಯುವುದಿಲ್ಲ, ಒದ್ದೆಯಾದರೆ ವಿಷವನ್ನು ಮುಖಕ್ಕೇ ಹಿಡಿದಿಡುತ್ತದೆ. ಸಿಂಪಡಿಸುವವರ ಮೈಗೆ ವಿಷ ಹೆಚ್ಚಾಗಿ ಸೇರುವುದು ಚರ್ಮದ ಮೂಲಕ. ಆದ್ದರಿಂದ ಮೊದಲು ಬೇಕಾದದ್ದು ಕೈಗವಸು, ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಬೂಟು. ಒಂದು ಬಾಟಲಿಗೆ ಕೊಡುವ ದುಡ್ಡಿನಲ್ಲಿ ಕೈಗವಸು ಬರುತ್ತದೆ. ನಮ್ಮ ಸೆಖೆಯಲ್ಲಿ ಇಷ್ಟೆಲ್ಲ ಹಾಕಿಕೊಳ್ಳುವುದು ಕಷ್ಟ, ನಿಜ. ಹಾಗಿದ್ದರೆ ಬೆಳಗಿನ ಎರಡು ಗಂಟೆಯ ಕೆಲಸಕ್ಕೇ ಇಡೀ ದಿನದ ಕೂಲಿ ಕೊಡೋಣ. ಅದೇನು ದಾನವಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ವಿಷ ಸಿಂಪಡಿಸಿದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅವರೂ ಅಭ್ಯಾಸವಿದ್ದವರೇ.

ಇದೆಲ್ಲ ಹಳ್ಳಿಯ ವಿಷಯ, ಪೇಟೆಯಲ್ಲಿರುವ ನಮಗೇಕೆ ಎನ್ನುತ್ತೀರಾ? ನಿಮ್ಮ ಬಚ್ಚಲುಮನೆಗೆ ಬನ್ನಿ. ಆಸಿಡ್ಡನ್ನು ಯಾವ ಬಾಟಲಿಯಲ್ಲಿ ಇಟ್ಟಿದ್ದೀರಿ? ಹಳೆಯ ಜ್ಯೂಸ್ ಬಾಟಲಿಯಲ್ಲಲ್ಲವೇ? 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತವು. ಆ ಸುದ್ದಿ ಓದಿದ ದಿನದಿಂದ ಶಾಲೆಯ ಅಡುಗೆಮನೆಯ ಎಣ್ಣೆಯ ಡಬ್ಬಿಯನ್ನು ನಾನು ನೋಡದೆ ಬಿಟ್ಟಿಲ್ಲ. ನಿಮ್ಮ ಮನೆಯ ಕಕ್ಕಸು ತೊಳೆಯುವ ಹೆಂಗಸು ಆಸಿಡ್ಡಿನ ಜೊತೆ ಬ್ಲೀಚಿಂಗ್ ಪುಡಿಯನ್ನೂ ಹಾಕಿ, ಬಾಗಿಲು ಮುಚ್ಚಿಕೊಂಡು ಉಜ್ಜಿದರೆ ಕ್ಲೋರಿನ್ ಅನಿಲ ಏಳುತ್ತದೆ ಎಂದು ಅವಳಿಗೆ ಹೇಳಿದ್ದೀರಾ? ಅವಳ ಬೆರಳ ಸಂದು ನೋಡಿದ್ದೀರಾ? ಕೊರೋನಾ ಕಾಲದಲ್ಲಿ ಅವಳಿಂದ ನಮಗೇನಾದರೂ ತಗುಲೀತೆಂದು ಮಾಸ್ಕು ಕೊಟ್ಟೆವು. ನಮ್ಮ ಕೆಲಸದಿಂದ ಅವಳಿಗೇನಾದೀತೆಂದು ಗ್ಲೌಸು ಕೊಟ್ಟವರೆಷ್ಟು ಮಂದಿ? ಊರಿನಲ್ಲಿ ಹೊಲ ಇಟ್ಟುಕೊಂಡು ಪೇಟೆಯಲ್ಲಿರುವವರು ಯುಗಾದಿಗೆ ಹೋದಾಗ ಒಮ್ಮೆ ಪಂಪ್‌ಹೌಸಿನ ಮೂಲೆಯನ್ನೂ ನೋಡಿ ಬನ್ನಿ.

ನಮ್ಮ ಪಂಪ್‌ಹೌಸಿನಲ್ಲಿ ಈಗ ಮೊಳೆಗೆ ಎರಡು ಜೊತೆ ಕೈಗವಸು ತೂಗುತ್ತವೆ, ಬಾಗಿಲ ಬಳಿ ನೀರು, ಸೋಪು ಇವೆ. ಪೈಪು ಎಳೆಯಲು ಮಕ್ಕಳು ಬರಕೂಡದು. ಹೊಡೆದ ಬಟ್ಟೆಯನ್ನು ಮನೆಯ ಬಟ್ಟೆಯೊಂದಿಗೆ ಒಗೆಯಬೇಡ ಎಂದು ಆತನ ಹೆಂಡತಿಗೆ ಹೇಳಿದ್ದೇನೆ. ಶಾಲೆಯಲ್ಲಿ ನಾಲ್ಕು ಬಣ್ಣದ ಗುರುತುಗಳನ್ನು ಹಲಗೆಯ ಮೇಲೆ ಬರೆದು ಕಲಿಸುತ್ತೇನೆ; ಪಠ್ಯದಲ್ಲಿಲ್ಲ, ಇರಲಿ.

ಆ ಹುಡುಗಿಯ ವಾಕ್ಯಕ್ಕೆ ಸರಿ ಗುರುತು ಹಾಕಿದೆ. ತಿದ್ದಬೇಕಾದದ್ದು ನಮ್ಮ ಮಾತು. ಔಷಧಿ ಎನ್ನುವುದನ್ನು ಬಿಟ್ಟು ವಿಷ ಎಂದು ಹೇಳಿ ನೋಡಿ. ‘ನಾಳೆ ವಿಷ ಹೊಡೆಯಲು ಬಾರಪ್ಪಾ’ ಎಂದು ಒಬ್ಬನನ್ನು ಕರೆಯುವಾಗ, ಬರಿಗೈಯಲ್ಲಿ ಬಾ ಎನ್ನಲು ಯಾರಿಗೂ ನಾಲಿಗೆ ಬರಲಾರದು.