ಕೊನೆಯ ಸೀಲಿಗೆ 50 ರೂಪಾಯಿ, ಮೊದಲ ಕಾಗದಕ್ಕೆ ಎಷ್ಟು?



ಕೊಡಗಿನ ಲೈನ್ ಮನೆಗಳ ನಮ್ಮ ಮಕ್ಕಳು ಈಗ ನರ್ಸಿಂಗ್ ಓದ್ತಿದಾರೆ, ಗಲ್ಫಿಗೆ ಡ್ರೈವರ್ ಆಗಿ ಹೊರಟಿದಾರೆ, 'ಪ್ರಬುದ್ಧ' ಯೋಜನೆಯಲ್ಲಿ ವಿದೇಶದಲ್ಲಿ ಓದೋ ಕನಸು ಕಾಣ್ತಿದಾರೆ. ಆದ್ರೆ ಎಷ್ಟೋ ಮಕ್ಕಳು ವೀಸಾ ತನಕ ಹೋಗೋದೇ ಇಲ್ಲ, ಜನನ ಪ್ರಮಾಣಪತ್ರದ ಹತ್ರವೇ ನಿಂತುಬಿಡ್ತಾರೆ.

ವಿದೇಶಕ್ಕೆ ಕೊಡೋ ಜನನ, ಮದುವೆ ಪತ್ರಗಳಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸೀಲು ಬೇಕು. ಭಾರತ 2005ರಲ್ಲಿ ಹೇಗ್ ಒಪ್ಪಂದಕ್ಕೆ ಸೇರಿದೆ. ಯುಎಇ, ಕುವೈತ್ ಅದರಲ್ಲಿಲ್ಲ. ಅಲ್ಲಿಗೆ ಸಚಿವಾಲಯದ ದೃಢೀಕರಣದ ಜೊತೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. 2019ರಿಂದ ಸಚಿವಾಲಯದ ಈ ಸೇವೆ ಬೆಂಗಳೂರಲ್ಲೇ ಇದೆ. ಅಪೊಸ್ಟಿಲ್‌ಗೆ ಸರ್ಕಾರಿ ಶುಲ್ಕ ದಾಖಲೆಗೆ 50 ರೂಪಾಯಿ. ಏಜೆಂಟ್ ಸಾವಿರಗಟ್ಟಲೆ ಕೇಳಿದ್ರೆ, ಯಾವುದಕ್ಕೆ ಎಷ್ಟು ಅಂತ ರಸೀದಿ ಕೇಳಿ.

ಈ ಸೀಲು ಹೇಳೋದು ಕಾಗದದ ಮೇಲಿನ ಸಹಿ, ಮುದ್ರೆ ಅಸಲಿ ಅಂತ ಮಾತ್ರ. ಕಾಗದವೇ ಇಲ್ಲದವರಿಗೆ ಯಾವ ಸೀಲು?

ಲೈನ್ ಮನೇಲಿ ಹೆರಿಗೆಯಾದ ಕೂಸಿನ ಹೆಸರು ಬರೆಸೋಕೆ ಅಪ್ಪ ಒಂದು ದಿನದ ಕೂಲಿ ಬಿಡಬೇಕು. ಬಿಡಲಿಲ್ಲ ಅಂದ್ರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು 'ಜೂನ್ 1' ಅಂತ ಬರೀತಾರೆ. ಅಪ್ಪನ ಹೆಸರು ಆಧಾರ್‌ನಲ್ಲಿ ಒಂದು, ಟಿಸಿಯಲ್ಲಿ ಇನ್ನೊಂದು. ತೋಟ ಬದಲಾದ್ರೆ ವಿಳಾಸವೂ ಬದಲು. ಜಮ್ಮಾ ಭೂಮಿ ಇದ್ದ ಮನೆತನಗಳ ಹೆಸರು ತಲೆಮಾರುಗಳಿಂದ ದಫ್ತರದಲ್ಲಿದೆ. ತಲೆಮಾರುಗಳಿಂದ ಅದೇ ತೋಟದಲ್ಲಿ ಕಾಫಿ ಕುಯ್ದವರಿಗೆ ಸ್ವಂತ ಮನೆ ನಂಬರೂ ಇಲ್ಲ. ಭೂಮಿ ಇದ್ದೋರಿಗೆ ಕಾಗದ ತಾನಾಗೇ ಹುಟ್ಟುತ್ತೆ. ಭೂಮಿ ಇಲ್ಲದೋರು ತಾವು ಹುಟ್ಟಿದ್ದಕ್ಕೂ ಸಾಕ್ಷಿ ತರಬೇಕು.

2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್‌ಗೆಲ್ಲ ಜನ್ಮದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅಂದ್ರೆ ಮುಂದಿನ ತಲೆಮಾರಿಗೆ ಬಾಗಿಲು ಇನ್ನೂ ಕಿರಿದು. ಆದ್ರೆ ಅದೇ ತಿದ್ದುಪಡಿಯಲ್ಲಿ ಒಂದು ಅನುಕೂಲವೂ ಇದೆ: ವರ್ಷ ಮೀರಿದ ನೋಂದಣಿಗೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳೇ ಆದೇಶ ಕೊಡಬಹುದು.

ಹಾಗಾದ್ರೆ ನಮ್ಮ ಬೇಡಿಕೆ ಸರಳ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆಯ ತೋಟಗಳಿಗೇ ಅಧಿಕಾರಿಗಳು ಬರಲಿ. ಲೈನ್ ಮನೆ ಮುಂದೆ ಶಿಬಿರ ಹಾಕಿ, ತಡವಾದ ನೋಂದಣಿ, ಹೆಸರಿನ ತಿದ್ದುಪಡಿ ಎರಡನ್ನೂ ಅಲ್ಲೇ ಮುಗಿಸಲಿ. ಓಟು ಕೇಳೋಕೆ ಆ ದಾರಿ ಎಲ್ಲರಿಗೂ ಗೊತ್ತಿದೆ, ಅಲ್ವಾ?

ಅಲ್ಲಿ ತನಕ ನಾವು ಮಾಡಬೇಕಾದ್ದೂ ಇದೆ. ನಿಮ್ಮ ಕಾಲೋನೀಲಿ, ಲೈನ್ ಮನೇಲಿ ಕೂಸು ಹುಟ್ಟಿದ್ರೆ 21 ದಿನದೊಳಗೆ ಬರೆಸಿ, ಅದು ಉಚಿತ. ಈ ವಿಷಯ ಪಕ್ಕದ ಮನೆಗೂ ಹೇಳಿ.

ಜೈ ಭೀಮ್.